ಎಡಚನ ತಂತಿ

ಆ ವಿಮಾನ ನಮ್ಮೂರಿಗೆ ಬಂದದ್ದು ಎರಡು ಲಾರಿಗಳಲ್ಲಿ. ಮುಂದಿನದರಲ್ಲಿ ಒಡಲು; ಹಿಂದಿನದರಲ್ಲಿ ಗೋಣಿತಾಟು ಸುತ್ತಿ, ಹಗ್ಗ ಬಿಗಿದು ಮಲಗಿಸಿದ್ದ ಎರಡು ರೆಕ್ಕೆಗಳು. ಪೇಟೆಬೀದಿಯ ಜನ ಮುಂದಿನ ಲಾರಿಗೆ ಹೂವೆರಚಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಬ್ಯಾಂಡಿನವರನ್ನೂ ಕರೆಸಿದ್ದರು. ಹಿಂದಿನ ಲಾರಿಯ ಡ್ರೈವರು ಹಾರನ್ ಹೊಡೆದೂ ಹೊಡೆದೂ ಸಾಕಾಗಿ, ತಲೆ ಹೊರಗೆ ಹಾಕಿ ಬೈಯುತ್ತಿದ್ದ. ರೆಕ್ಕೆ ಕಳಚಿಟ್ಟ ವಿಮಾನಕ್ಕೆ ಮೆರವಣಿಗೆ ಬೇರೆ ಕೇಡು ಎಂದು ನಾನು ಗೊಣಗಿಕೊಂಡೆ.

ಗೊಣಗುವುದು ನನ್ನ ಹುಟ್ಟುಗುಣ. ವಾಯುಪಡೆಯಲ್ಲಿ ಇಪ್ಪತ್ತೆರಡು ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದವನು ನಾನು. ನನ್ನ ಪಾಲಿನ ಕೆಲಸ ಪೈಲಟ್ಟಿನ ಸೀಟು. ಅದು ಬರೀ ಕುರ್ಚಿಯಲ್ಲ. ವಿಮಾನ ಕೈಕೊಟ್ಟಾಗ ಪೈಲಟ್ ತನ್ನ ಕಾಲುಗಳ ನಡುವಿನ ಹಿಡಿಕೆಯನ್ನು ಎಳೆದರೆ, ಸೀಟಿನ ಬೆನ್ನಲ್ಲಿರುವ ಮದ್ದು ಸಿಡಿದು, ಸೀಟು ಅವನನ್ನು ಹೊತ್ತುಕೊಂಡೇ ಆಕಾಶಕ್ಕೆ ಹಾರುತ್ತದೆ. ಆಮೇಲೆ ಪ್ಯಾರಾಷೂಟ್ ಬಿಚ್ಚಿಕೊಳ್ಳುತ್ತದೆ. ಅಂಥ ಸೀಟುಗಳನ್ನು ಕೂರಿಸುವುದು, ಬಿಚ್ಚುವುದು, ಪರೀಕ್ಷಿಸುವುದು ನನ್ನ ಕಸುಬಾಗಿತ್ತು.

ವಿಮಾನದಲ್ಲಿ ಯಾವ ಬೋಲ್ಟನ್ನೂ ಬರಿದೇ ಬಿಗಿದು ಬಿಡುವುದಿಲ್ಲ. ಅದುರಿ ಸಡಿಲವಾಗದಂತೆ ಬೋಲ್ಟಿನ ತಲೆಯ ತೂತಿನಲ್ಲಿ ಸಣ್ಣ ಉಕ್ಕಿನ ತಂತಿ ಪೋಣಿಸಿ, ಎರಡೆಳೆಯನ್ನೂ ಹುರಿಯ ಹಾಗೆ ಹೊಸೆದು ಪಕ್ಕದ ಬೋಲ್ಟಿಗೆ ಕಟ್ಟುತ್ತೇವೆ. ಲಾಕಿಂಗ್ ವೈರ್ ಎಂದು ಅದರ ಹೆಸರು. ನಾನು ಎಡಚ. ಇಡೀ ದಳದಲ್ಲಿ ನನ್ನೊಬ್ಬನ ಹೊಸೆತ ಮಾತ್ರ ಉಲ್ಟಾ ಸುತ್ತಿರುತ್ತಿತ್ತು. "ಎಡಚನ ತಂತಿ" ಎಂದು ನಗುತ್ತಿದ್ದವರೇ, ಅಷ್ಟು ಒಪ್ಪವಾದ ಕೆಲಸ ಇನ್ನೊಬ್ಬರಿಗೆ ಬರುವುದಿಲ್ಲ ಎಂದೂ ಹೇಳುತ್ತಿದ್ದರು. ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ಕಣ್ಣಾರೆ ನೋಡಿಯೇ ಸಹಿ ಹಾಕಬೇಕೆಂಬುದು ನಿಯಮ. ನಮ್ಮ ಸಾರ್ಜೆಂಟರು ನನ್ನ ಸರದಿ ಬಂದಾಗ ವಿಮಾನದ ಹತ್ತಿರವೂ ಬರುತ್ತಿರಲಿಲ್ಲ. "ಎಡಚ ಕಟ್ಟಿದ್ದು ತಾನೆ? ನೋಡೋದೇನಿದೆ ಅದರಲ್ಲಿ," ಎಂದು ಸಹಿ ಹಾಕಿಬಿಡುತ್ತಿದ್ದರು. ನನಗದು ಹೆಮ್ಮೆಯ ವಿಷಯವಾಗಿತ್ತು.

ಈ ವಿಮಾನದ ಕತೆ ಊರಿಗೆಲ್ಲ ಗೊತ್ತಿದ್ದದ್ದೇ. ಆಗ ಊರಾಚೆ ವಾಯುಪಡೆಯ ತರಬೇತಿ ನೆಲೆಯಿತ್ತು. ಇದು ಎರಡು ಸೀಟಿನ ಜೆಟ್. ಮುಂದೆ ಶಿಷ್ಯ, ಹಿಂದೆ ಬೋಧಕ. ಮೂವತ್ತೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಬೋಧಕ ಶಾಂತವೀರರು ಇಪ್ಪತ್ತರ ಶಿಷ್ಯನೊಬ್ಬನನ್ನು ಕರೆದುಕೊಂಡು ಹಾರಿದರು. ಇಳಿಯಲು ಇನ್ನೇನು ರನ್‌ವೇ ಮುಂದಿದೆ ಎನ್ನುವಾಗ ಹಿಂದಿನ ಸೀಟು ಗಾಜನ್ನು ಒಡೆದುಕೊಂಡು ಹಾರಿತು. ಅಷ್ಟು ತಗ್ಗಿನಲ್ಲಿ, ನೆಲದತ್ತ ಇಳಿಯುತ್ತಿದ್ದ ವಿಮಾನದಿಂದ ಹಾರಿದ ಸೀಟಿನ ಪ್ಯಾರಾಷೂಟ್ ಬಿಚ್ಚಿಕೊಳ್ಳಲಿಲ್ಲ. ಶಾಂತವೀರರು ಜೋಳದ ಹೊಲದಲ್ಲಿ ಬಿದ್ದು ಸತ್ತರು. ಶಿಷ್ಯ ಒಬ್ಬನೇ ವಿಮಾನವನ್ನು ಇಳಿಸಿದ.

ವಿಚಾರಣೆ ನಡೆಯಿತು. ಹೊಲದಲ್ಲಿ ಬಿದ್ದ ಸೀಟು ನಜ್ಜುಗುಜ್ಜಾಗಿ, ಹಿಡಿಕೆ ಎಳೆದಿತ್ತೋ ಇಲ್ಲವೋ ಹೇಳುವಂತಿರಲಿಲ್ಲ. ಇಂಜಿನ್ನು ಒಂದು ಸಲ ಕೆಮ್ಮಿದಂತಾಯಿತು ಎಂದು ಶಿಷ್ಯ ಹೇಳಿದ್ದ. ಅಷ್ಟಕ್ಕೇ ಹೆದರಿದ ಬೋಧಕರು ಶಿಷ್ಯನಿಗೆ ಒಂದು ಮಾತೂ ಹೇಳದೆ ಹಿಡಿಕೆ ಎಳೆದರು ಎಂದು ತೀರ್ಮಾನವಾಯಿತು. ನನ್ನನ್ನೂ ಕರೆದಿದ್ದರು. "ಸೀಟು ತಾನಾಗಿಯೇ ಹಾರುವ ಸಾಧ್ಯತೆ ಇತ್ತೇ?" ಎಂದು ಕೇಳಿದರು. ನಾನು ಎದೆ ಸೆಟೆಸಿ ನಿಂತು, "ಇಲ್ಲ ಸರ್," ಎಂದೆ. ಸುಳ್ಳು ಹೇಳಲಿಲ್ಲ, ನಾನು ಹಾಗೆಂದೇ ನಂಬಿದ್ದೆ. ಶಾಂತವೀರರ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಹೊತ್ತು ನಡೆಯುವಾಗ, ಹುಡುಗನನ್ನು ಬಿಟ್ಟು ಹಾರಿದ ಮನುಷ್ಯನಿಗೆ ಇಷ್ಟು ಮರ್ಯಾದೆ ಯಾಕೆ ಎಂದು ಒಳಗೊಳಗೇ ಅಂದುಕೊಂಡದ್ದು ಕೂಡ ನನಗೆ ಚೆನ್ನಾಗಿ ನೆನಪಿದೆ.

ವಿಮಾನ ಮತ್ತೆ ಹಾರಲಿಲ್ಲ. ಒಡೆದ ಗಾಜಿಗೆ ಬದಲು ಹಾಕಿ, ಇಂಜಿನ್ ಪಾಠ ಮಾಡಲೆಂದು ಎಲ್ಲೋ ಒಂದು ತರಬೇತಿ ಶಾಲೆಯ ಷೆಡ್ಡಿನಲ್ಲಿ ನಿಲ್ಲಿಸಿದ್ದರಂತೆ. ಆ ಶಿಷ್ಯ ಮುಂದೆ ದೊಡ್ಡ ಅಧಿಕಾರಿಯಾದರು. ಅವರು ಒಬ್ಬರೇ ಇಳಿಸಿದ ವಿಮಾನ ಎಂಬ ಖ್ಯಾತಿಯಿಂದಲೇ ಅದು ನಮ್ಮೂರ ಮ್ಯೂಸಿಯಮ್ಮಿಗೆ ಬಂತು. ಅದನ್ನು ಒಪ್ಪ ಮಾಡಿಕೊಡಲು ಕ್ಯುರೇಟರ್ ಪುಂಡಲೀಕರಾಯರು ನನ್ನನ್ನು ಕರೆಸಿದರು.

ಜೊತೆಗೆ ಸಿಕ್ಕವನು ಜಬ್ಬಾರ್. ಕಾರುಗಳ ತಗ್ಗು ಎತ್ತಿ ಬಣ್ಣ ಹೊಡೆಯುವುದರಲ್ಲಿ ಊರಿಗೇ ಹೆಸರಾದವನು. ಮೊದಲ ದಿನ ವಿಮಾನದ ಸುತ್ತ ಮೂರು ಸುತ್ತು ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತ. "ಅಲ್ಲಾ ಸಾರ್, ಇದಕ್ಕೆ ಬಂಪರ್ರೇ ಇಲ್ವಲ್ಲ, ಎಲ್ಲಿಂದ ಶುರು ಮಾಡ್ಲಿ?"

"ಬಾಯಿ ಮುಚ್ಚೋದ್ರಿಂದ ಶುರು ಮಾಡು," ಎಂದೆ.

ಸತ್ತ ವಿಮಾನವನ್ನು ಕಾಪಾಡುವುದು ಹಾರುವ ವಿಮಾನವನ್ನು ನೋಡಿಕೊಳ್ಳುವುದಕ್ಕಿಂತ ಕಷ್ಟ. ಮೊದಲು ಉಳಿದ ಎಣ್ಣೆಯನ್ನೆಲ್ಲ ಬಸಿದೆವು. ಕತ್ತಲಲ್ಲಿ ಹೊಳೆಯುವ ಮುಳ್ಳಿನ ಗಡಿಯಾರಗಳಲ್ಲಿ ರೇಡಿಯಂ ವಿಷ ಇರುವುದರಿಂದ ಅವನ್ನು ಕಿತ್ತು ಸೀಸದ ಡಬ್ಬಿಯಲ್ಲಿಟ್ಟು ಕಳಿಸಿದೆವು. ಮುಂದಿನ ಸೀಟಿನ ಮದ್ದನ್ನು ಹಿಂದೆಯೇ ತೆಗೆದಿದ್ದರೂ ನಾನು ಮತ್ತೆ ಬಿಚ್ಚಿ ನೋಡಿದೆ. ಗಾಳಿ ನುಗ್ಗುವ ಬಾಯೊಳಗೆ ಪಾರಿವಾಳದ ಹಿಕ್ಕೆ, ಸಣ್ಣ ಕೊಳವೆಗಳಲ್ಲಿ ಕಣಜದ ಮಣ್ಣುಗೂಡು, ತಗಡಿನ ಸಂದುಗಳಲ್ಲಿ ಬಿಳಿ ಹಿಟ್ಟಿನಂತೆ ಉದುರುವ ತುಕ್ಕು. ಆ ಹಿಟ್ಟು ಕಂಡಲ್ಲೆಲ್ಲ ತಗಡು ಬಿಚ್ಚಿ, ಕೆರೆದು, ತುಕ್ಕು ತಡೆಯುವ ಬಣ್ಣ ಬಳಿದು ಮುಚ್ಚಬೇಕು. ಒಂದು ಕಡೆ ಬಿಟ್ಟರೂ ಹತ್ತು ವರ್ಷದಲ್ಲಿ ಒಳಗಿನಿಂದಲೇ ತಿಂದುಹಾಕುತ್ತದೆ. ರೆಕ್ಕೆಗಳನ್ನು ಷೆಡ್ಡಿನ ಗೋಡೆಗೆ ಹಳೇ ಹಾಸಿಗೆ ಕೊಟ್ಟು ಒರಗಿಸಿದ್ದೆವು. ಮಧ್ಯಾಹ್ನ ಅವುಗಳ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆವು.

ಮೂರನೇ ವಾರ ಆ ನೆರಳಿಗೆ ಒಬ್ಬ ಹೆಂಗಸು ಬಂದು ನಿಂತರು. ಅರವತ್ತು ದಾಟಿದವರು, ಇಸ್ತ್ರಿ ಮಾಡಿದ ನೂಲಿನ ಸೀರೆ, ನೇರ ಬೆನ್ನು. ಜಬ್ಬಾರ್ ಅನ್ನವನ್ನು ಬಿಟ್ಟು ಎದ್ದು ನಿಂತ. ಅವನಿಗೆ ಮಗ್ಗಿ ಕಲಿಸಿದ ನೀಲಾಂಬಿಕಾ ಟೀಚರ್ ಅವರು, ಶಾಂತವೀರರ ಹೆಂಡತಿ. ಗಂಡ ಸತ್ತ ಮೇಲೆ ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಇದೇ ಊರಲ್ಲಿ ಶಾಲೆಗೆ ಸೇರಿದ್ದರು.

"ಇದೇನಾ?" ಎಂದರು.

"ಹೌದಮ್ಮ. ಇದೇ."

"ಅವರು ಕೂತಿದ್ದು ಎಲ್ಲಿ?"

ನಾನು ಹಿಂದಿನ ಜಾಗವನ್ನು ತೋರಿಸಿದೆ. ಆಗ ಅಲ್ಲಿ ಸೀಟಿರಲಿಲ್ಲ, ಬರೀ ಗುಂಡಿ. ಅವರು ಅದನ್ನು ತುಂಬ ಹೊತ್ತು ನೋಡಿ, "ಒಂದು ಉಪಕಾರ ಆಗಬೇಕು ನಿಮ್ಮಿಂದ. ಬೋರ್ಡ್ ಬರೆಸ್ತಾರಂತಲ್ಲ, ಅದರಲ್ಲಿ ಅವರ ಹೆಸರು ಹಾಕಬೇಡಿ ಅಂತ ಹೇಳಿ," ಎಂದರು.

ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಅವರು ಕೈಯಡ್ಡ ಹಿಡಿದರು.

"ಸತ್ತಿದ್ದಕ್ಕಾದರೆ ಅತ್ತು ಮುಗಿಸಬಹುದಿತ್ತು ಕಣ್ರೀ. ಆ ಹುಡುಗನ್ನ ಬಿಟ್ಟು ಹಾರಿದರಲ್ಲ, ಅದಕ್ಕೆ ಅಳು ಬರಲಿಲ್ಲ, ಅಸಹ್ಯ ಬಂತು. ಮನೇಲಿ ಒಂದು ಫೋಟೋ ಇಟ್ಟಿಲ್ಲ. ಅವರು ಬರೆದ ಕಾಗದಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆ. ಮಗಳ ಮದುವೆ ಪತ್ರಿಕೇಲೂ ಅವರ ಹೆಸರು ಹಾಕಿಸಲಿಲ್ಲ. ಬೀಗರು ಕೇಳಿದರು. ಹಾಕಲ್ಲ ಅಂದೆ. ಈಗ ಊರಿನ ಮಕ್ಕಳೆಲ್ಲ ಸಾಲುಗಟ್ಟಿ ನಿಂತು ಆ ಹೆಸರು ಓದೋದು ಬೇಡ."

"ಆಗಲಮ್ಮ, ನಾನು ಹೇಳ್ತೀನಿ," ಎಂದೆ. ಹೇಳಿಯೂ ಹೇಳಿದೆ. ಪುಂಡಲೀಕರಾಯರಿಗೂ ಅದು ಅನುಕೂಲವಾಗಿಯೇ ಕಂಡಿತು. 'ಹೆದರಿದ ಬೋಧಕ ಕೈಬಿಟ್ಟು ಹಾರಿದ ಮೇಲೂ ಎದೆಗುಂದದೆ ಶಿಷ್ಯನೊಬ್ಬನೇ ಇಳಿಸಿದ ವಿಮಾನ' ಎಂದು ಬರೆದು, ಸ್ಟೀಲಿನ ಹಲಗೆಯಲ್ಲಿ ಕೆತ್ತಲು ಕೊಟ್ಟರು.

ಅದಾದ ನಾಲ್ಕನೇ ದಿನ ಹಿಂದಿನ ಗುಂಡಿಯನ್ನು ಶುಚಿ ಮಾಡಲು ಇಳಿದೆ. ಸೀಟಿನ ಬೆನ್ನು ಬರುವ ಕಡೆ ಒಂದು ಸಣ್ಣ ತಗಡಿನ ಬಾಗಿಲು. ಅಂಚಿನಲ್ಲಿ ಬಿಳಿ ಹಿಟ್ಟು ಕಂಡದ್ದರಿಂದ ಅದನ್ನು ಬಿಚ್ಚಿದೆ. ಶಾಲೆಯಲ್ಲಿ ಇಂಜಿನ್ ಕಲಿಯುವವರಿಗೆ ಅಲ್ಲಿ ಕೆಲಸವಿರಲಿಲ್ಲ. ನನ್ನ ಮಾತು ನಂಬಿದ ವಿಚಾರಣೆಯವರೂ ಸೇರಿ, ಮೂವತ್ತೊಂದು ವರ್ಷದಿಂದ ಅದನ್ನು ಯಾರೂ ತೆರೆದಿರಲಿಲ್ಲ. ಟಾರ್ಚು ಹಾಕಿದಾಗ ಮೊದಲು ಕಂಡದ್ದು ಎರಡು ಬೋಲ್ಟುಗಳ ನಡುವೆ ಬಿಗಿಯಾಗಿ ಕಟ್ಟಿದ್ದ ತಂತಿ. ಹೊಸೆತ ಉಲ್ಟಾ ಇತ್ತು. ಹಳೆಯ ಪರಿಚಯದವರು ಸಿಕ್ಕ ಹಾಗೆ ನನಗೆ ಖುಷಿಯಾಯಿತು. "ನೋಡೋ ಜಬ್ಬಾರ್, ನನ್ನ ಕೈಕೆಲಸ, ಇನ್ನೂ ಒಂದೆಳೆ ಸಡಿಲ ಆಗಿಲ್ಲ," ಎಂದು ಕೂಗಿದೆ ಕೂಡ. ಆಮೇಲೆ ಆ ಬೋಲ್ಟುಗಳು ಹಿಡಿದುಕೊಂಡಿದ್ದ ಕೇಬಲ್ಲನ್ನು ನೋಡಿದೆ.

ಆ ಕೇಬಲ್ಲಿನ ಒಂದು ತುದಿ ವಿಮಾನದ ಒಡಲಿಗೆ, ಇನ್ನೊಂದು ತುದಿ ಸೀಟಿನ ಮದ್ದಿಗೆ. ಅದು ಬಿಗಿದು ಎಳೆದರೆ ಹಿಡಿಕೆಯ ಹಂಗಿಲ್ಲದೆ ಮದ್ದು ಸಿಡಿಯುತ್ತದೆ. ಆದ್ದರಿಂದ ಅದು ಸದಾ ಸಡಿಲವಾಗಿರಬೇಕು. ಅದಕ್ಕಾಗಿ ಒಂದು ಕಬ್ಬಿಣದ ಕೊಕ್ಕೆಯ ಹಿಂದಿನಿಂದ ಅದನ್ನು ಹಾಯಿಸಿ ಕಟ್ಟಬೇಕು. ಇಲ್ಲಿ ಅದರ ತುಂಡಾದ ಮೋಟು ಕೊಕ್ಕೆಯ ಮುಂದಿನಿಂದ ಹಾದಿತ್ತು. ಮುಂದಿನಿಂದ ಹಾಯಿಸಿದರೆ ಕೇಬಲ್ ನಾಲ್ಕು ಬೆರಳಿನಷ್ಟು ಗಿಡ್ಡವಾಗುತ್ತದೆ. ಕೂತವರು ಬೇಕಾದಂತೆ ಎತ್ತಿ ಇಳಿಸಬಹುದಾದ ಸೀಟದು; ತಗ್ಗಿನಲ್ಲಿದ್ದಾಗ ಏನೂ ಆಗುವುದಿಲ್ಲ. ಪೂರ್ತಿ ಮೇಲೆತ್ತಿದರೆ ಮುಗಿಯಿತು.

ಬಲಗೈಯವರು ಅಲ್ಲಿಗೆ ಬಲಗಡೆಯಿಂದ ಕೈ ಹಾಕುತ್ತಾರೆ. ಕೇಬಲ್ ತಾನಾಗಿಯೇ ಕೊಕ್ಕೆಯ ಹಿಂದಕ್ಕೆ ಹೋಗುತ್ತದೆ. ಎಡಗಡೆಯಿಂದ ಕೈ ಹಾಕುವವನು ಒಬ್ಬನೇ ಇದ್ದ. ಒಂದು ಕೈ ಮಾತ್ರ ಹಿಡಿಸುವ ಜಾಗ ಅದು, ಕಟ್ಟುವವನ ಕಣ್ಣಿಗೆ ಕಾಣುವುದಿಲ್ಲ. ಕಟ್ಟಿದ ಮೇಲೆ, ಮದ್ದು ತುಂಬುವ ಮೊದಲು, ಸೀಟನ್ನು ಪೂರ್ತಿ ಎತ್ತಿ ನೋಡಬೇಕಿತ್ತು. ಅರ್ಧಕ್ಕೆ ಎತ್ತಿ, ಸಾಕು ಎಂದು ಇಳಿಸಿದ್ದೆ. ಅದು ಆ ವಿಮಾನ ಹಾರುವ ಹಿಂದಿನ ದಿನ. ಸಾರ್ಜೆಂಟರು ಆಚೆ ಚಹಾ ಕುಡಿಯುತ್ತ, "ಎಡಚ ಕಟ್ಟಿದ್ದು ತಾನೆ?" ಎಂದಿದ್ದರು.

ಗುಂಡಿಯೊಳಗೇ ಕೂತುಬಿಟ್ಟೆ. ಎರಡು ಸೀಟಿನ ವಿಮಾನದಲ್ಲಿ ಇಳಿಯುವ ಹೊತ್ತಿಗೆ ಬೋಧಕರು ಏನು ಮಾಡುತ್ತಾರೆಂದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮುಂದಿನವನ ತಲೆ ಅಡ್ಡ ಬಂದು ರನ್‌ವೇ ಕಾಣುವುದಿಲ್ಲವೆಂದು ಸ್ವಿಚ್ಚು ಒತ್ತಿ ತಮ್ಮ ಸೀಟನ್ನು ಮೇಲೆತ್ತಿಕೊಳ್ಳುತ್ತಾರೆ. ಶಾಂತವೀರರು ಹಿಡಿಕೆಯನ್ನು ಮುಟ್ಟಿರಲೇ ಇಲ್ಲ. ಹುಡುಗ ಸರಿಯಾಗಿ ಇಳಿಸುತ್ತಾನೋ ಇಲ್ಲವೋ ನೋಡಲು ಸೀಟನ್ನು ಎತ್ತಿಕೊಂಡರು, ಅಷ್ಟೆ. ಆ ಮನುಷ್ಯನನ್ನು ಕೊಂದವನು ನಾನು. ಕೊಂದು, ಹೆಗಲು ಕೊಟ್ಟು, ಹೆಗಲು ಕೊಡುವಾಗ ಮನಸ್ಸಿನಲ್ಲಿ ಉಗಿದಿದ್ದೆ.

"ಸಾರ್, ಏನಾಯ್ತು? ಮುಖ ಯಾಕೆ ಹಿಂಗಾಯ್ತು?" ಜಬ್ಬಾರ್ ಮೇಲಿನಿಂದ ಬಗ್ಗಿ ಕೇಳಿದ.

"ತಲೆ ಸುತ್ತು," ಎಂದೆ.

ನನ್ನ ಜೇಬಿನಲ್ಲಿ ಕಟಿಂಗ್ ಪ್ಲೈಯರ್ ಇತ್ತು. ಒಂದು ಕ್ಷಣದ ಕೆಲಸ. ತಂತಿ ಕತ್ತರಿಸಿ, ಮೋಟು ಕೇಬಲ್ಲನ್ನು ಕಸಕ್ಕೆ ಹಾಕಿದ್ದರೆ ಭೂಮಿಯ ಮೇಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಓದಬಲ್ಲವನು ನಾನೊಬ್ಬನೇ. ಸಾರ್ಜೆಂಟರು ತೀರಿಕೊಂಡು ಹತ್ತು ವರ್ಷವಾಗಿತ್ತು. ಪ್ಲೈಯರಿನ ಬಾಯಿಗೆ ತಂತಿಯನ್ನು ಕೊಟ್ಟೂ ಕೊಟ್ಟೆ. ಒಳ್ಳೆಯತನದಿಂದ ನಾನು ನಿಲ್ಲಲಿಲ್ಲ. ಕೈ ನಡುಗಿ ಹಿಡಿತ ಸಿಗಲಿಲ್ಲ. ಬಾಗಿಲು ಮುಚ್ಚಿ ಮೇಲೆ ಬಂದೆ.

ಮರುದಿನ ಪುಂಡಲೀಕರಾಯರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ.

"ನೀವು ಹೇಳೋದು ನಿಜಾನೇ ಇರಬಹುದು," ಎಂದರು. "ಆದರೆ ನಾನು ಯಾವ ಆಧಾರದ ಮೇಲೆ ಬೋರ್ಡು ಬದಲಾಯಿಸಲಿ? ಒಂದು ತಂತಿ ಎಡಕ್ಕೆ ಸುತ್ತಿದೆ ಅಂತಲಾ? ಉದ್ಘಾಟನೆಗೆ ಆ ಶಿಷ್ಯರೇ ಬರ್ತಿದ್ದಾರೆ. ಮೇಲಿನವರಿಂದ ಒಂದು ಕಾಗದ ತನ್ನಿ, ಇವತ್ತೇ ಬದಲಾಯಿಸ್ತೀನಿ."

ವಾಯುಪಡೆಯ ಕಚೇರಿಗೆ ನಾಲ್ಕು ಪುಟ ಬರೆದೆ. ನಕ್ಷೆ ಬರೆದೆ, ಫೋಟೋ ಇಟ್ಟೆ, ತಪ್ಪು ನನ್ನದೆಂದು ಸ್ಪಷ್ಟವಾಗಿ ಸಹಿ ಹಾಕಿದೆ. ಎರಡು ತಿಂಗಳು ಉತ್ತರವಿಲ್ಲ. ಅಷ್ಟರಲ್ಲಿ ಟೀಚರು ಎರಡು ಸಲ ಬಂದುಹೋದರು. ಎರಡು ಸಲವೂ ನಾನು ವಿಮಾನದ ಹೊಟ್ಟೆಯ ಕೆಳಗೆ ಮಲಗಿ ಕೆಲಸದಲ್ಲಿರುವಂತೆ ನಟಿಸಿದೆ. ಕಾಗದ ಬರಲಿ, ಆಮೇಲೆ ಹೇಳಿದರಾಯಿತು ಎಂಬುದು ನಾನು ನನಗೆ ಕೊಟ್ಟುಕೊಂಡ ನೆಪ. ಹೇಡಿತನಕ್ಕೆ ನೆಪ ಹುಡುಕುವುದು ಕಷ್ಟವೇನಲ್ಲ. ಕೊನೆಗೆ ಮೂರು ಸಾಲಿನ ಉತ್ತರ ಬಂತು. ಅವಧಿ ಮುಗಿದ ಕಾರಣ ವಿಚಾರಣೆಯ ಕಡತವನ್ನು ನಿಯಮದಂತೆ ನಾಶಪಡಿಸಲಾಗಿದೆ; ತೀರ್ಮಾನವನ್ನು ಮರುಪರಿಶೀಲಿಸಲು ಅವಕಾಶವಿಲ್ಲ; ನಿಮ್ಮ ಆಸಕ್ತಿಗೆ ವಂದನೆಗಳು.

ರೆಕ್ಕೆ ಜೋಡಿಸುವ ದಿನ ಬಂತು. ಕ್ರೇನಿನ ಪಟ್ಟಿಯಲ್ಲಿ ತೂಗುತ್ತ ಒಂದೊಂದೇ ರೆಕ್ಕೆ ಬಂದು ಒಡಲಿಗೆ ಕೂತಿತು. ಜಬ್ಬಾರನ ಬೆಳ್ಳಿ ಬಣ್ಣ ಕಣ್ಣು ಕುಕ್ಕುತ್ತಿತ್ತು. "ಸಾರ್, ಈಗ ನೋಡಿ, ಕೀಲಿ ಕೊಟ್ರೆ ಹಾರೋಗತ್ತೆ!" ಎಂದು ಕುಣಿದಾಡಿದ. ಮದ್ದು ತೆಗೆದ ಹಳೆಯ ಸೀಟೊಂದನ್ನು ತರಿಸಿ ಹಿಂದಿನ ಗುಂಡಿಗೆ ಇಳಿಸಿದ್ದೆ. ಮುಂದೆ ಕಲ್ಲಿನ ಕಟ್ಟೆಯ ಮೇಲೆ ಸ್ಟೀಲಿನ ಹಲಗೆಯನ್ನು ಬಿಗಿದಾಗಿತ್ತು. ಬೆಳಗಾದರೆ ಉದ್ಘಾಟನೆ. ನಾನು ಜಬ್ಬಾರನನ್ನು ಕರೆದು, "ಟೀಚರನ್ನ ಕರ್ಕೊಂಡು ಬಾ," ಎಂದೆ.

ಅವರು ಬಂದರು. ಹಲಗೆಯನ್ನು ಓದಿದರು. "ಹೆಸರು ಹಾಕಿಲ್ಲ. ದೊಡ್ಡ ಉಪಕಾರ ಆಯ್ತು ನಿಮ್ಮಿಂದ," ಎಂದರು.

ಆ ಮಾತು ಕೇಳಿದ ಮೇಲೆ ತಡೆಯಲಾಗಲಿಲ್ಲ. ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿದೆ. ತಂತಿಯ ಫೋಟೋ ತೋರಿಸಿದೆ, ನನ್ನ ಎಡಗೈಯನ್ನು ತೋರಿಸಿದೆ. ಮುಗಿದ ಮೇಲೆ ಅವರು, ಪಾಠ ಅರ್ಥವಾಗದ ಮಗುವಿನ ಹಾಗೆ ಕೇಳಿದರು. "ಸೀಟು ಮೇಲೆತ್ತೋದು ಯಾಕೆ ಅಂದ್ರಿ?"

"ಮುಂದಿನವನ ತಲೆ ಅಡ್ಡ ಬರುತ್ತಮ್ಮ. ಇಳಿಯೋ ಹೊತ್ತಲ್ಲಿ ಹುಡುಗ ತಪ್ಪಿದರೆ ತಾವು ಹಿಡ್ಕೋಬೇಕಲ್ಲ, ಅದಕ್ಕೆ."

"ಹುಡುಗನಿಗೋಸ್ಕರ."

"ಹೌದಮ್ಮ."

ಅವರು ಕಟ್ಟೆಯ ಮೇಲೆ ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಎಷ್ಟು ದಿನದಿಂದ ಗೊತ್ತು ನಿಮಗೆ?"

"ಎಪ್ಪತ್ತು ದಿನ."

"ಹೇಳದೇ ಇರಬಹುದಿತ್ತು."

"ಇರಬಹುದಿತ್ತು."

"ಇದ್ದಿದ್ದರೆ ಚೆನ್ನಾಗಿತ್ತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ; ಸಿಟ್ಟಿದ್ದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಕ್ಷಮಿಸಿ ಅಂತ ಮಾತ್ರ ಕೇಳಬೇಡಿ. ಅದು ನನ್ನ ಕೈಲಾಗಲ್ಲ. ನೀವು ಒಂದು ದಿನ ತಪ್ಪು ಮಾಡಿದಿರಿ. ನಾನು ಮೂವತ್ತೊಂದು ವರ್ಷ, ದಿನಾ ಬೆಳಿಗ್ಗೆ ಎದ್ದು ಮಾಡಿದೀನಿ. ಕಾಗದ ಸುಟ್ಟಿದೀನಲ್ರೀ. ಒಂದಾದರೂ ಇಟ್ಟುಕೊಂಡಿದ್ದರೆ ಅವರ ಅಕ್ಷರ ಹೆಂಗಿತ್ತು ಅಂತ ನೋಡಬಹುದಿತ್ತು." ಎದ್ದು ಹಿಂದಿನ ಸೀಟಿನತ್ತ ಕೈ ತೋರಿಸಿದರು. "ಅಲ್ಲಿ ಕೂರಬಹುದಾ?"

ಜಬ್ಬಾರ್ ಏಣಿ ತಂದು ಹಿಡಿದ. ಅವನು ಆಗಲೇ ಬಿಕ್ಕುತ್ತಿದ್ದ. ಟೀಚರು ಚಪ್ಪಲಿ ಕಳಚಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿ, ಸೀರೆ ಒತ್ತಾಗಿ ಹಿಡಿದು ಹಿಂದಿನ ಸೀಟಿಗೆ ಇಳಿದರು. ಸೀಟು ಎತ್ತುವ ಸ್ವಿಚ್ಚು ಯಾವುದು ಎಂದು ಕೇಳಿದರು. ಬಲಗಡೆ ಇದ್ದುದನ್ನು ತೋರಿಸಿದೆ.

"ಮುಚ್ಚಿ," ಎಂದರು.

"ಸೆಕೆ ಆಗುತ್ತಮ್ಮ."

"ಮುಚ್ರಿ."

ಗಾಜಿನ ಮುಚ್ಚಳವನ್ನು ಇಳಿಸಿದೆ. ಮೆತ್ತನೆ ಬಟ್ಟೆಯಲ್ಲಿ ವಾರಗಟ್ಟಲೆ ಉಜ್ಜಿದ್ದ ಗಾಜು. ಒಳಗಿನದೆಲ್ಲ ನಿಚ್ಚಳವಾಗಿ ಕಾಣುತ್ತಿತ್ತು, ಒಂದಿಷ್ಟೂ ಕೇಳುತ್ತಿರಲಿಲ್ಲ. ಅವರ ತುಟಿಗಳು ಆಡುತ್ತಿದ್ದವು. ಏನೋ ಕೇಳಿದಂತೆ, ಉತ್ತರಕ್ಕೆ ಕಾದಂತೆ, ಮತ್ತೆ ಕೇಳಿದಂತೆ. ನಾನು ಏಣಿಯ ಮೇಲೆ ಮುಚ್ಚಳದ ಹಿಡಿ ಹಿಡಿದು ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಆಮೇಲೆ ಬಲಗೈ ಚಾಚಿ ಸ್ವಿಚ್ಚನ್ನು ಒತ್ತಿದರು. ವಿದ್ಯುತ್ತಿಲ್ಲದ ಸೀಟು ಕದಲಲಿಲ್ಲ. ಇನ್ನೊಮ್ಮೆ ಒತ್ತಿದರು. ಮುಂದಿನ ಸೀಟಿನ ತಲೆಯಾಸರೆಯ ಆಚೆಗೆ ನೋಡಲು ಕತ್ತನ್ನು ಉದ್ದ ಮಾಡಿದರು, ಸಾಲಲಿಲ್ಲ. ಎರಡೂ ಕೈಗಳನ್ನು ಸೀಟಿನ ಅಂಚಿಗೆ ಊರಿ, ಮೈಯನ್ನು ಮೇಲಕ್ಕೆತ್ತಿ ಮುಂದೆ ನೋಡಿದರು.